ದವಡೆ ಹಲ್ಲಿನ ನಡುವೆ ನೀಲಿ ಕಾಗದ

ಕಚ್ಚಿ ಅನುಪಮಾ ಮೇಡಂ, ಎನ್ನುತ್ತ ಡಾಕ್ಟರ್ ಪದ್ಮಶ್ರೀ ದವಡೆ ಹಲ್ಲುಗಳ ನಡುವೆ ನೀಲಿ ಕಾಗದದ ಪಟ್ಟಿ ಇಡುತ್ತಾರೆ, ಕಚ್ಚುತ್ತೇನೆ, ನಾಲಿಗೆಗೆ ಶಾಯಿಯ ಕಹಿ, ಕೆಳಗೆ ತಿಪಟೂರಿನ ರಸ್ತೆಯಲ್ಲಿ ಯಾವುದೋ ಬಸ್ಸು ಹಾರನ್ ಹೊಡೆಯುತ್ತಲೇ ಇದೆ, ಇನ್ನೂ ಎಳೆದಿಲ್ಲ, ಎಳೆಯದೇ ಇದ್ದರೆ ಚೆನ್ನ — ಹೋದ ಸಲ ಎಳೆದಾಗ ಕಾಗದ ಸಲೀಸಾಗಿ ಜಾರಿ ಬಂದಿತ್ತು, ಮೇಲಿನ ಕೆಳಗಿನ ಹಲ್ಲು ತಾಗಿದ ಒಂದು ಗುರುತೂ ಇಲ್ಲದೆ, ಇವತ್ತೂ ಜಾರಿದರೆ ಮುಚ್ಚಿದ ಮುಂದಿನ ಹಲ್ಲುಗಳ ಸಂದನ್ನು ಮತ್ತೆ ಬಿಡಿಸಿ ಮೊದಲಿನಿಂದ ಶುರು. ಆ ಸಂದು! ಮದುವೆ ಫೋಟೋದಲ್ಲೂ ತುಟಿ ಬಿಚ್ಚದವಳು ನಾನು, ಶೆಟ್ಟಿಕೆರೆ ಸ್ಕೂಲಿನಲ್ಲಿ ಪಾಠ ಮಾಡುವಾಗ ನಗು ಬಂದರೆ ಬೋರ್ಡಿನ ಕಡೆ ತಿರುಗುತ್ತಿದ್ದವಳು, ಈ ವಯಸ್ನಲ್ಲಿ ಯಾಕೇ ಇವೆಲ್ಲ, ಎಂದರು ನಮ್ಮ ಮನೆಯವರು, ನನ್ನ ಬಾಯಿ ಕಣ್ರೀ, ಎಂದೆ. ಹಲ್ಲು ಸರಿಸಲು ಗಾಜಿನಂಥ ತೆಳು ಪ್ಲಾಸ್ಟಿಕ್ ಅಚ್ಚುಗಳು, ಹಲ್ಲಿನ ಮೇಲೆ ಕೂತರೆ ಕಾಣುವುದೇ ಇಲ್ಲ, ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬರುತ್ತಿದ್ದವು, ಒಂದಾದ ಮೇಲೆ ಒಂದು, ಸಂದು ಕಿರಿದಾಗುತ್ತ ಬಂತು, ಎಂಥ ಹಲ್ಲಪ್ಪಾ ಇದು, ಕಲ್ಲು ಎಂದುಕೊಂಡಿದ್ದೆ, ಮೂಳೆಯೊಳಗೇ ನಡೆಯುತ್ತದೆ, ಹೇಳಿದ ಕಡೆ ಹೋಗುತ್ತದೆ — ಹಿಂದಿನ ದವಡೆ ಹಲ್ಲುಗಳು ಮಾತ್ರ ಯಾರೂ ಹೇಳದೆ, ಹಗಲೂ ರಾತ್ರಿ ಪ್ಲಾಸ್ಟಿಕ್ಕಿನ ಅಡಿ ಒತ್ತಿಸಿಕೊಂಡು, ಸದ್ದಿಲ್ಲದೆ ಕುಸಿದಿದ್ದವು. ನನಗಾದರೂ ಹೇಗೆ ಗೊತ್ತಾಗಬೇಕು, ಎರಡು ಹೊತ್ತೂ ಮುದ್ದೆ, ಸಾರಲ್ಲಿ ಅದ್ದಿ ನುಂಗುವವಳಿಗೆ ದವಡೆ ಕೂಡಿದರೇನು ಬಿಟ್ಟರೇನು, ಹಂದನಕೆರೆಗೆ ಹೋದಾಗ ಅವ್ವ ಕೊಬ್ಬರಿ ಒಡೆಯುತ್ತ ಕೂತಿದ್ದಳು, ತಗಾ ಎಂದು ಒಂದು ಚೂರು ಕೊಟ್ಟಳು, ಕಚ್ಚಿದೆ, ಚೂರು ಹಲ್ಲಿನ ನಡುವೆ ಸುಮ್ಮನೆ ಹೊರಳಿತು, ಒಡೆಯಲೇ ಇಲ್ಲ, ಯಾಕೇ, ಕೊಬ್ರಿ ಕೆಟ್ಟೈತಾ, ಚೆನ್ನಾಗೈತೆ ಕಣವ್ವ, ಹಲ್ಲೇ ಸೇರ್ತಿಲ್ಲ, ಎಂದವಳಿಗೆ ಅಳುವೇ ಬಂತು, ಮುಂದುಂದು ಚೆಂದ ಮಾಡ್ಕಳಕ್ಕೋಗಿ ಹಿಂದುಂದು ಕಳ್ಕಂಡ್ಯಾ ನಮ್ಮವ್ವಾ, ಎಂದು ಅವಳು ಕೊಬ್ಬರಿ ಕೈಯಲ್ಲೇ ಕೆನ್ನೆ ಸವರಿದಳು.

ಮಾರನೆಯ ದಿನ ಇಲ್ಲಿಗೆ ಬಂದಾಗ ಬೈಗುಳಕ್ಕೆ ತಯಾರಾಗಿಯೇ ಬಂದಿದ್ದೆ, ನೀವೇ ಸರಿಯಾಗಿ ಹಾಕ್ಕೊಂಡಿಲ್ಲ ಎನ್ನುತ್ತಾರೆ, ಜಗಳಕ್ಕೆ ಮಾತು ಜೋಡಿಸಿಕೊಂಡಿದ್ದೆ, ಇವರು ಆ ಗುರುತಿಲ್ಲದ ನೀಲಿ ಕಾಗದವನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿ, ಮಾಸ್ಕ್ ಇಳಿಸಿ, ಇದು ನಾನು ಅಂದ್ಕೊಂಡಿದ್ದಲ್ಲ ಮೇಡಂ, ತಪ್ಪು ನಿಮ್ದಲ್ಲ, ಪ್ರತಿ ಸಲ ಮುಂದಿನ ಸಂದನ್ನೇ ನೋಡ್ತಾ ಹಿಂದೆ ನೋಡ್ಲೇ ಇಲ್ಲ ನಾನು, ಎಂದರು — ಬೆರಗಾದೆ, ನಮ್ಮ ಸ್ಕೂಲಿನಲ್ಲಿ ಹೆಡ್‌ಮಾಸ್ಟರಿಂದ ಹಿಡಿದು ಯಾರ ಬಾಯಲ್ಲೂ ಈ ಮಾತು ಕೇಳಿದವಳಲ್ಲ, ನನಗಿಂತ ಎಷ್ಟು ಚಿಕ್ಕವರು, ಎಂಥ ಎದೆಗಾರಿಕೆ, ಜೋಡಿಸಿದ ಜಗಳವೆಲ್ಲ ಎಲ್ಲಿ ಹೋಯಿತೋ. ಕತ್ತರಿ ತಂದು ಅಚ್ಚಿನ ಹಿಂಭಾಗ ಕತ್ತರಿಸಿಬಿಟ್ಟರು, ಭಾರ ತೆಗೆದ್ರೆ ಹಲ್ಲು ತಾವಾಗೇ ಬಂದು ಸೇರ್ಕೋಬಹುದು, ಸೇರ್ದೇ ಇದ್ರೆ ಅದನ್ನೂ ನಿಮಗೆ ಮುಚ್ಚಿಡಲ್ಲ, ಎಂದರು — ಬನ್ನಿರಮ್ಮಾ, ಎಂದು ಅಂದಿನಿಂದ ಹಲ್ಲುಗಳನ್ನು ಕರೆಯುತ್ತಲೇ ಇದ್ದೇನೆ, ಪಾಠ ಮಾಡುತ್ತ, ಬಸ್ಸಿನಲ್ಲಿ, ಪಾತ್ರೆ ತೊಳೆಯುತ್ತ, ತಾಗಿದಂತೆ ಅನಿಸುತ್ತದೆ, ಅನಿಸುವುದನ್ನು ನಂಬುವುದು ಹೇಗೆ, ಅಲುಗಾಡ್ಬೇಡಿ, ಎಳೀತೀನಿ, ಎನ್ನುತ್ತಾರೆ, ಎಳೆಯುತ್ತಾರೆ, ಬರುತ್ತಿಲ್ಲ, ಇನ್ನೊಮ್ಮೆ, ಬರುತ್ತಿಲ್ಲ, ಮಾಸ್ಕಿನ ಮೇಲೆ ಅವರ ಕಣ್ಣು ಅಗಲವಾಗುತ್ತದೆ, ಹಿಡ್ಕೊಂಡಿದೆ ಮೇಡಂ, ಹಿಡ್ಕೊಂಡಿದೆ, ಬಿಡಿ ಈಗ, ಎನ್ನುತ್ತಾರೆ, ನನಗೆ ನಗಬೇಕು, ಬಾಯಿಗೆ ಸೆರಗಿಲ್ಲದೆ, ಬೋರ್ಡಿಲ್ಲದೆ, ನಕ್ಕರೆ ಬಾಯಿ ತೆರೆಯುತ್ತದೆ, ನಾನು ತೆರೆಯುವುದಿಲ್ಲ, ಎಳೆಯಲಿ, ಹಲ್ಲಿನ ನಡುವೆ ನೀಲಿ ಕಾಗದ, ಎಳೆಯುತ್ತಾರೆ, ಬರುವುದಿಲ್ಲ, ನೀಲಿ ಕಾಗದ