ಹೊರಗಲ್ಲಿನ ಹಕ್ಕಿಗಳು

ವಾರಿಜಾ ದುರ್ಬೀನಿನ ಪಟ್ಟಿಯನ್ನು ಹಿಡಿದು ಎಳೆದಳು. ಪಟ್ಟಿ ದೊರೆಸಾನಿಯ ಕುತ್ತಿಗೆಯಲ್ಲಿತ್ತು. ಆಕೆಯ ತಲೆ ಮುಂದಕ್ಕೆ ಬಾಗಿ, ಹುಲ್ಲಿನ ಟೊಪ್ಪಿ ಕೆಳಗೆ ಬಿದ್ದು, ಗಾಳಿಗೆ ಉರುಳುತ್ತ ಹೋಗಿ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿತು. ಆಕೆಗೆ ದಾರಿ ತೋರಿಸಿ ಮಾತು ತಿಳಿಸಲು ಬಂದಿದ್ದ ಮೌರಿಸ್ ನಡುವೆ ನುಗ್ಗಿ ವಾರಿಜಾಳ ಬೆರಳುಗಳನ್ನು ಬಿಡಿಸತೊಡಗಿದ. ಅವಳ ಹಸಿರು ಗಾಜಿನ ಬಳೆಗಳು ದುರ್ಬೀನಿಗೆ ತಾಗಿ ಸದ್ದು ಮಾಡಿದವು.

"ಎಂತ ಮಾಡುವುದು ನೀನು? ಬಿಡು. ಬಿಡು ಅಂದೆ."

"ಒಮ್ಮೆ ಕೊಡಲಿಕ್ಕೆ ಹೇಳಿ, ಪೊರ್ಬುಗಳೇ. ನೋಡಿ ವಾಪಸು ಕೊಡುತ್ತೇನೆ. ನಾನೇನು ಅದನ್ನು ತಿನ್ನುತ್ತೇನಾ?" ಅವನಂಥ ಕ್ರೈಸ್ತರನ್ನು ಆ ಕಡೆಯವರು ಪೊರ್ಬುಗಳು ಅನ್ನುತ್ತಿದ್ದರು.

ಮಿಸ್ ಲಿಂಡ್ ಕುತ್ತಿಗೆ ಉಜ್ಜಿಕೊಳ್ಳುತ್ತ ಇವಳಿಗೆ ಏನು ಬೇಕಂತೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಗಂಡ ಕಡಲಿಗೆ ಹೋದವನು ಬಂದಿಲ್ಲ, ದುರ್ಬೀನಿನಲ್ಲಿ ಹುಡುಕಬೇಕಂತೆ. ಇಷ್ಟು ಹೇಳಿದರೆ ಸಾಕಿತ್ತು. ಆದರೆ ಹೇಳಿದರೆ ಈ ಮುದುಕಿ ದುರ್ಬೀನನ್ನು ಕೊಟ್ಟೇಬಿಡುತ್ತಾಳೆ, ಒಬ್ಬಳ ಹಿಂದೆ ಇಡೀ ಓಣಿ ಬಂದು ಸಾಲು ನಿಲ್ಲುತ್ತದೆ, ಹದ್ದು ಕಾಣದೆ ಸಂಜೆಯಾಗುತ್ತದೆ. ನಾಳೆ ಬೆಳಿಗ್ಗೆ ಆಕೆ ಮಂಗಳೂರಿನ ಬಸ್ಸು ಹತ್ತುವವಳು.

"ಮೀನು ಬೇಕೇ ಎಂದು ಕೇಳುತ್ತಿದ್ದಾಳೆ" ಎಂದ ಮೌರಿಸ್.

ಮಿಸ್ ಲಿಂಡ್ ನಕ್ಕಳು. ವಾರಿಜಾಳ ಕಡೆ ತಿರುಗಿ, ಚಿಕ್ಕ ಮಕ್ಕಳಿಗೆ ಹೇಳುವಂತೆ, ನಿಧಾನವಾಗಿ ಎರಡು ಸಲ ತಲೆಯಾಡಿಸಿ ಬೇಡ ಎಂದಳು. ವಾರಿಜಾ ಆ ತಲೆಯಾಡಿಸುವುದನ್ನು ನೋಡಿದಳು. ಸಂದಿನಲ್ಲಿದ್ದ ಟೊಪ್ಪಿಯನ್ನು ತಂದು ಆಕೆಯ ಕೈಗೆ ಕೊಟ್ಟು, ಸ್ವಲ್ಪ ಕೆಳಗೆ ಇಳಿದು ಕಡಲಿಗೆ ಮುಖ ಮಾಡಿ ಕೂತಳು.

ಅದು ಕಾಪುವಿನ ದೀಪಸ್ತಂಭದ ಬಂಡೆ. ಎದುರಿಗೆ, ನೀರಿನ ನಡುವೆ, ಮಲಗಿದ ಎಮ್ಮೆಯ ಬೆನ್ನಿನಂತೆ ಇನ್ನೊಂದು ಬಂಡೆ ಇತ್ತು. ಮೀನುಗಾರರು ಅದನ್ನು ಹೊರಗಲ್ಲು ಅನ್ನುತ್ತಿದ್ದರು. ವಾರಿಜಾಳ ಗಂಡ ವಾಸು ದೋಣಿ ಇಳಿಸಿದ ದಿನ ಗಾಳಿ ಎದ್ದು ಕೆಟ್ಟ ಕಡಲು ಇನ್ನೂ ಸರಿಹೋಗಿರಲಿಲ್ಲ. ಹೊರಗಲ್ಲಿನ ಸುತ್ತ ನೊರೆ ಎದ್ದು ಬೀಳುತ್ತಿದ್ದದ್ದು ಬೆಳಗಿನ ಮುಸುಕಿನ ಒಳಗಿಂದ ಬಿಟ್ಟು ಬಿಟ್ಟು ಕಾಣುತ್ತಿತ್ತು. ದುರ್ಬೀನಿಗೂ ಅದಕ್ಕಿಂತ ಹೆಚ್ಚಿನದು ಕಂಡಿರಲಿಲ್ಲ.

ಮಿಸ್ ಲಿಂಡ್ ಸ್ವೀಡನ್ನಿನ ಯಾವುದೋ ಊರಿನಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಹಡಗಿನಲ್ಲಿ ಇಷ್ಟು ದೂರ ಬಂದದ್ದು ಬೇಟೆಯಾಡುವ ಹಕ್ಕಿಗಳನ್ನು ನೋಡಲಿಕ್ಕೆ. ಉಳಿದ ಹಕ್ಕಿಗಳು ಕಣ್ಣೆದುರು ಕೂತರೂ ಆಕೆ ತಿರುಗಿ ನೋಡುತ್ತಿರಲಿಲ್ಲ. ಕಾರ್ಕಳದಲ್ಲಿ ಸತ್ತ ಎತ್ತಿನ ಸುತ್ತ ಕುಣಿಯುತ್ತಿದ್ದ ರಣಹದ್ದುಗಳನ್ನು ಒಂದಿಡೀ ಬೆಳಿಗ್ಗೆ ನೋಡಿದ್ದಳು. ಮೌರಿಸ್ ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದರೆ ಆಕೆ ಅಲ್ಲೇ ಚೀಲದಿಂದ ಬ್ರೆಡ್ಡು ತೆಗೆದು ತಿಂದಿದ್ದಳು. ಅಜೆಕಾರಿನ ಗದ್ದೆಗಳಲ್ಲಿ, ಹಾವು ಕಚ್ಚಿಕೊಂಡು ಹಾರಿದ ಗಿಡುಗನ ಹಿಂದೆ ಕೆಸರಿನಲ್ಲಿ ಓಡಿದ್ದಳು. ಉಳಿದದ್ದು ಬಿಳಿ ಎದೆಯ ಕಡಲ ಹದ್ದು ಒಂದೇ. ಅದು ಸಿಕ್ಕಿದರೆ ಬೊಂಬಾಯಿಯ ಹಡಗಿನ ಕಚೇರಿಯಲ್ಲಿ ತನ್ನ ಪರಿಚಯದವರಿಗೆ ಮೌರಿಸ್‌ನ ಬಗ್ಗೆ ಒಂದು ಮಾತು ಹೇಳುವುದಾಗಿ ಖುಷಿಯಲ್ಲಿ ಅಂದಿದ್ದಳು. ಉಡುಪಿಯ ಹತ್ತಿರ ಸಂತೆಕಟ್ಟೆಯ ಮನೆಯಲ್ಲಿ ಅವನು ಇಂಟರ್ ಮುಗಿಸಿ ಸುಮ್ಮನೆ ಕೂತಿದ್ದ. ಪಾದ್ರಿಗಳ ಕಪಾಟಿನಿಂದ ತಂದು ಓದಿದ ಕಾದಂಬರಿಗಳಲ್ಲಿ ಅವನಂಥವರೆಲ್ಲ ಕೊನೆಗೆ ರೈಲು ಹತ್ತಿ ಊರು ಬಿಡುತ್ತಿದ್ದರು. ಉಡುಪಿಗೆ ರೈಲೇ ಇರಲಿಲ್ಲ.

ಬೆಳಿಗ್ಗೆ ಬಸ್ಸಿಳಿದು ದಂಡೆಗೆ ಬಂದಾಗ ಗುರಿಕಾರ ಮುದ್ದಣ್ಣ ಬಲೆ ಸರಿಮಾಡಿಸುತ್ತಿದ್ದರು. ಮೀನುಗಾರರ ಓಣಿಗೆ ಅವರ ಮಾತೇ ಕಡೆಯದು. ಹದ್ದು ಎಲ್ಲಿ ಕಾಣಸಿಗುತ್ತದೆ ಎಂದು ಕೇಳಿದ್ದಕ್ಕೆ ಅವರು ಮೊದಲು ನಕ್ಕಿದ್ದರು.

"ಗಿಡಿ ನೋಡಲಿಕ್ಕೆ ಹಡಗು ಹತ್ತಿ ಬಂದದ್ದಾ? ದೊರೆಸಾನಿಯ ಊರಿನಲ್ಲಿ ಕೋಳಿ ಸಾಕುವುದಿಲ್ಲವಾ ಮಾರಾಯ? ನಾಲ್ಕು ಮರಿ ಅಂಗಳಕ್ಕೆ ಬಿಟ್ಟರೆ ಗಿಡಿಯೇ ಮನೆಗೆ ಬರುತ್ತದೆ." ಆಮೇಲೆ ಕೈಯನ್ನು ಕಡಲಿನತ್ತ ಎತ್ತಿ, "ಕಡಲಿನದ್ದೇ ಬೇಕಾದರೆ ಹೊರಗಲ್ಲು ನೋಡಿ. ಕಡಲು ಹೊಡೆದ ಮೇಲೆ ಅವುಗಳ ಸಂತೆ ಅಲ್ಲಿ. ಸತ್ತ ಆಮೆ, ಹಾವು, ಎಲ್ಲ ಅಲ್ಲಿಯೇ ಹತ್ತಿ ಬೀಳುವುದು" ಎಂದಿದ್ದರು.

ಮುಸುಕು ಹರಿಯಲು ಕಾಯುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಮೌರಿಸ್ ಬಂಡೆ ಇಳಿದು ವಾರಿಜಾಳ ಹತ್ತಿರ ಹೋದ.

"ಮನೆಗೆ ಹೋಗು. ಇಲ್ಲಿ ಕೂತು ಎಂತ ಮಾಡುತ್ತೀ?"

"ಮನೆಯಲ್ಲಿ ಎಲ್ಲರೂ ನನ್ನ ಕೈ ನೋಡುತ್ತಾರೆ" ಎಂದಳು ಅವಳು. "ಬಂದವರು ಮೊದಲು ಮುಖ ನೋಡಬೇಕಲ್ವಾ? ಇಲ್ಲ. ಬಳೆ ಉಂಟಾ ಅಂತ ನೋಡಿ, ಆಮೇಲೆ ಮುಖ." ಮೇಲೆ ದುರ್ಬೀನಿನ ಕಡೆ ನೋಡಿ ಕೇಳಿದಳು, "ಆ ಗಾಜಿನಲ್ಲಿ ಮಲ್ಪೆಯ ತನಕ ಕಾಣುತ್ತದಂತೆ, ಹೌದಾ?"

"ಅಷ್ಟು ಕಾಣುವುದಿಲ್ಲ."

"ಅರ್ಧ ಕಂಡರೂ ಸಾಕಿತ್ತು. ನಮ್ಮ ದೋಣಿಯ ಪಟಕ್ಕೆ ಗೋಣಿಯ ತೇಪೆ ಹಾಕಿದ್ದು ನಾನು. ಎಷ್ಟು ದೂರದಿಂದಲೂ ಹೇಳುತ್ತೇನೆ. ಅಂಗಿಗೆ ಹಾಕಿದ್ದೂ ನಾನೇ. ಹಸಿರು ಪಟ್ಟೆಯ ಅಂಗಿ, ಕಂಕುಳಿನಲ್ಲಿ ಹರಿದಿತ್ತು, ನನ್ನ ಕೆಂಪು ರವಿಕೆಯ ತುಂಡು ಇಟ್ಟು ಹೊಲಿದೆ. ಹೆಂಡತಿಯನ್ನು ಕಂಕುಳಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ ಅಂತ ತಮಾಷೆ ಮಾಡಿ ಹೋದರು."

ಮೌರಿಸ್ ಅವಳ ಪಕ್ಕದ ಕಲ್ಲಿನ ಮೇಲೆ ಕೂತ. "ನಿನ್ನೆ ಹುಡುಕಲು ದೋಣಿ ಹೋಗಿತ್ತಂತಲ್ಲ?"

"ಹೋಗಿತ್ತು. ಹಲಗೆ ಒಡೆದುಕೊಂಡು ಬಂತು. ಒಬ್ಬನ ಕಾಲು ಮುರಿಯಿತು. ಇನ್ನು ಯಾರು ಹೋಗುತ್ತಾರೆ?" ಅವಳು ಸೆರಗಿನಿಂದ ಮುಖದ ಉಪ್ಪು ಒರೆಸಿಕೊಂಡಳು. "ಬಲೆ ಕಟ್ಟುವ ಸರ್ವೋತ್ತಮ ಅಂತ ಉಂಟು ನಮ್ಮಲ್ಲಿ. ಹೀಗೆಯೇ ಗಾಳಿಗೆ ಸಿಕ್ಕಿ ಕಾಸರಗೋಡಿನ ಹತ್ತಿರ ದಡ ಸೇರಿ, ಜ್ವರ ಬಂದು ಮಲಗಿ, ಕೊನೆಗೆ ಬಸ್ಸಿನಲ್ಲಿ ಬಂದಿಳಿದದ್ದು, ಸತ್ತನೆಂದು ಮನೆಯವರು ಉತ್ತರಕ್ರಿಯೆ ಮಾಡುತ್ತಿದ್ದ ಅವನದ್ದೇ ಬೊಜ್ಜದ ದಿನ. ಎಲೆ ಹಾಕಿ ಆಗಿತ್ತು. ತನ್ನ ಬೊಜ್ಜದ ಊಟಕ್ಕೆ ತಾನೇ ಕೂತ. ಪಾಯಸಕ್ಕೆ ಬೆಲ್ಲ ಸಾಲದು ಅಂತ ಬೈದನಂತೆ."

ಮೌರಿಸ್ ನಕ್ಕ. ಅವಳೂ ನಕ್ಕಳು.

"ಆದರೆ ಹೆಂಡತಿಯ ಬಳೆ ಒಡೆದು ಆಗಿತ್ತಲ್ಲ. ಮತ್ತೆ ಹಾಕಬಹುದಾ ಬಾರದಾ ಅಂತ ಯಾರಿಗೂ ಗೊತ್ತಿರಲಿಲ್ಲ. ಯಾರೂ ಹಾಕಲಿಕ್ಕೆ ಹೇಳಲಿಲ್ಲ. ಇವತ್ತಿಗೂ ಅವಳದ್ದು ಬರಿಗೈ. ಗಂಡ ಮನೆಯಲ್ಲಿ ಉಂಟು, ಮಕ್ಕಳೂ ಆದವು. ಮದುವೆ ಮನೆಗೆ ಹೋದರೆ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ."

ಒಂದು ಗರುಡ ತಲೆಯ ಮೇಲಿನಿಂದ ಹಾದು ಕಡಲಿನತ್ತ ಹೋಯಿತು. ಬಿಸಿಲಿಗೆ ಅದರ ರೆಕ್ಕೆ ಇಟ್ಟಿಗೆಯ ಬಣ್ಣಕ್ಕೆ ಹೊಳೆಯಿತು. ವಾರಿಜಾ ಎದ್ದು ನಿಂತು ಎರಡೂ ಕೈ ಮುಗಿದು ಕಣ್ಣಿಗೆ ಒತ್ತಿಕೊಂಡಳು.

"ಗರುಡ ಕಂಡರೆ ಒಳ್ಳೆಯದು" ಎಂದಳು.

ಬಿಸಿಲು ಬಂದಿದೆ ಎಂದು ಮೌರಿಸ್‌ಗೆ ಆಗ ಗೊತ್ತಾಯಿತು. ಹೊರಗಲ್ಲು ತೊಳೆದಿಟ್ಟಂತೆ ಕಪ್ಪಾಗಿ ಎದ್ದು ನಿಂತಿತ್ತು. ಮೇಲಿನಿಂದ ಮಿಸ್ ಲಿಂಡ್ ಅವನ ಹೆಸರು ಹಿಡಿದು ಕರೆದಳು. ಅವನು ಹತ್ತಿ ಹೋಗುವಷ್ಟರಲ್ಲಿ ಆಕೆ ಬಂಡೆಯ ಮೇಲೆ ಮೊಣಕಾಲೂರಿದ್ದಳು. ಕೈ ನಡುಗದಂತೆ ಮೊಣಕೈಗಳನ್ನು ಎದೆಗೆ ಒತ್ತಿಕೊಂಡಿದ್ದಳು.

"ಎರಡು! ಒಂದು ಜೋಡಿ. ಎದೆ ಎಷ್ಟು ಬೆಳ್ಳಗಿದೆ ನೋಡು. ಓ, ಮೌರಿಸ್. ಏನನ್ನೋ ತಿನ್ನುತ್ತಿವೆ. ದೊಡ್ಡದೇನೋ..."

ಆಕೆ ತಿರುಪನ್ನು ಒಂದು ಕೂದಲಿನಷ್ಟು ತಿರುಗಿಸಿದಳು. ಉಸಿರು ಬಿಡುವುದು ಅವನಿಗೆ ಕೇಳಿಸಿತು. ಆಮೇಲೆ ದುರ್ಬೀನನ್ನು ಇಳಿಸಿ, ಅವನ ಮುಖ ನೋಡದೆ, ಅವನತ್ತ ಚಾಚಿದಳು.

ಮೌರಿಸ್‌ಗೆ ಮೊದಲು ನೀರು, ಆಮೇಲೆ ಆಕಾಶ, ಆಮೇಲೆ ಬಂಡೆ ಸಿಕ್ಕಿತು. ಬಿಳಿ ಎದೆಯ ದೊಡ್ಡ ಹಕ್ಕಿಯೊಂದು ಕಾಲೂರಿ, ತಲೆಯನ್ನು ಹಿಂದಕ್ಕೆ ಜಗ್ಗಿ ಎಳೆಯುತ್ತಿತ್ತು. ಎಳೆದದ್ದು ಉದ್ದವಾಗಿ ಬಂದು ಹರಿಯಿತು. ಅಲೆ ಬಂದಾಗ ಹಕ್ಕಿ ರೆಕ್ಕೆ ಬಿಚ್ಚಿ ಸ್ವಲ್ಪ ಮೇಲೆದ್ದು ಮತ್ತೆ ಅಲ್ಲೇ ಇಳಿಯಿತು. ಅದರ ಕಾಲಡಿ ಬಟ್ಟೆ ಇತ್ತು. ಹಸಿರು ಪಟ್ಟೆ. ಒಂದು ಕಡೆ ಕೆಂಪು. ಸ್ವಲ್ಪ ದೂರದಲ್ಲಿ ಇಟ್ಟಿಗೆ ಬಣ್ಣದ ಗರುಡಗಳು ಸಾಲಾಗಿ ಕೂತು ತಮ್ಮ ಸರದಿಗೆ ಕಾಯುತ್ತಿದ್ದವು.

ಅವನು ದುರ್ಬೀನು ಇಳಿಸಿದ. ಕೆಳಗೆ ಕೂತ ಹೆಂಗಸಿನ ಗಂಡ ಕಡಲಿಗೆ ಹೋದವನು ಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ಬೆಳಿಗ್ಗೆ ಹೇಳಬೇಕಾದ ಅದೇ ವಾಕ್ಯ.

ಮಿಸ್ ಲಿಂಡ್ ಈಗ ಅವನ ಮುಖ ನೋಡಿದಳು. "ನೀನು ಮೀನು ಅಂದೆ" ಎಂದಳು.

ಗುರಿಕಾರರನ್ನು ಕರೆತರಲು ಅವನೇ ಮರಳಿನಲ್ಲಿ ಓಡಿದ. ಗುರಿಕಾರರ ಜೊತೆ ವಾಸುವಿನ ತಾಯಿ ರತ್ನಾವತಿಯೂ ಬಂದಳು. ಇನ್ನೊಬ್ಬ ಹೆಂಗಸು ಅವಳ ರಟ್ಟೆ ಹಿಡಿದು ಬಂಡೆ ಹತ್ತಿಸಿದಳು. ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುದ್ದಣ್ಣ ದುರ್ಬೀನನ್ನು ಮೊದಲು ತಿರುಗಾಮುರುಗಾ ಹಿಡಿದು, ಸರಿಮಾಡಿಸಿಕೊಂಡು ನೋಡಿದರು.

"ಬಟ್ಟೆ ಉಂಟು" ಎಂದರು ಕೊನೆಗೆ. "ಬಟ್ಟೆಯೊಳಗೆ ಮನುಷ್ಯನೂ ಇರಬಹುದು. ಆದರೆ ಯಾರು?"

"ಹಸಿರು ಪಟ್ಟೆಯ ಅಂಗಿ" ಎಂದ ಮೌರಿಸ್.

"ಹಸಿರು ಪಟ್ಟೆ ನನಗೂ ಉಂಟು, ಪೊರ್ಬುಗಳೇ. ದೀಪಾವಳಿಗೆ ಬಲೆಯವರೆಲ್ಲ ಒಂದೇ ಥಾನಿನಿಂದ ಹೊಲಿಸಿದ್ದು. ಇಲ್ಲಿಂದ ಮಲ್ಪೆಯ ತನಕ ಅದೇ ಅಂಗಿ. ಮಲ್ಪೆಯಲ್ಲೂ ಇಬ್ಬರು ಬಂದಿಲ್ಲ."

"ಕೆಂಪು ಏನೋ ಕಂಡಿತು. ತೇಪೆಯೋ, ಅಥವಾ..." ಮೌರಿಸ್ ನಿಲ್ಲಿಸಿದ. "ನನಗೆ ಗೊತ್ತಾಗಲಿಲ್ಲ."

ವಾರಿಜಾ ಎದ್ದು ಬಂದು ಅತ್ತೆಯ ಹಿಂದೆ ನಿಂತಿದ್ದಳು. ಅವಳು ಕಡಲನ್ನು ನೋಡುತ್ತಿರಲಿಲ್ಲ. ದುರ್ಬೀನನ್ನು ನೋಡುತ್ತಿದ್ದಳು.

ಮುದ್ದಣ್ಣ ಹೊರಗಲ್ಲಿನ ಸುತ್ತ ಏಳುವ ನೊರೆಯನ್ನು ಬರಿಗಣ್ಣಿನಲ್ಲಿ ಇನ್ನೊಮ್ಮೆ ಅಳೆದರು. "ನಿನ್ನೆ ಒಬ್ಬನ ಕಾಲು ಹೋಯಿತು. ಇವತ್ತು ದೋಣಿ ಇಳಿಸಿದರೆ ಎಲ್ಲರೂ ವಾಪಸು ಬರುತ್ತಾರೆ ಅಂತ ನಾನು ಹೇಳುವುದಿಲ್ಲ. ನಮ್ಮ ವಾಸುವಾದರೆ ಇಳಿಸುತ್ತೇನೆ, ಹುಟ್ಟು ಹಾಕಲು ಜನ ಸಾಲದಿದ್ದರೆ ನಾನೇ ಹೋಗುತ್ತೇನೆ. ಮಲ್ಪೆಯವನಾದರೆ ಮಲ್ಪೆಯವರು ಬರಲಿ. ಯಾರದ್ದೋ ಹೆಣಕ್ಕೆ ನನ್ನ ಹುಡುಗರನ್ನು ಕಳಿಸುವುದಿಲ್ಲ. ಮನೆಯವರು ನೋಡಿ, ಹೌದು ಅನ್ನಲಿ. ಬೇಗ ಆಗಬೇಕು. ನೀರು ಏರುತ್ತಾ ಉಂಟು. ಸಂಜೆಗೆ ತೆರೆ ಕಲ್ಲು ಹತ್ತುತ್ತದೆ. ಆಮೇಲೆ ಅಲ್ಲಿರುವುದು ಅಲ್ಲಿ ಇರುವುದಿಲ್ಲ."

ರತ್ನಾವತಿ ತಡಕಾಡಿ ಸೊಸೆಯ ಕೈ ಹಿಡಿದುಕೊಂಡಳು. ಬಳೆಗಳು ಮುದುಕಿಯ ಬೆರಳಿನ ಅಡಿಯಲ್ಲಿ ಒಂದರ ಮೇಲೊಂದು ಸರಿದವು.

"ನೀನು ನೋಡು ಮಗಾ. ನನಗೆ ಕಣ್ಣಿಲ್ಲ. ಹೆತ್ತವಳು ನಾನು, ಅಂಗಿ ಹೊಲಿದವಳು ನೀನು. ಅವನಲ್ಲದಿದ್ದರೆ ಅಲ್ಲ ಅನ್ನು, ಮನೆಗೆ ಹೋಗುವ. ಅವನೇ ಆದರೆ ಹಕ್ಕಿಗೆ ಬಿಡುವುದು ಬೇಡ. ಉಳಿದಷ್ಟಾದರೂ ದಡಕ್ಕೆ ಬರಲಿ. ಬೆಂಕಿ ತಾಗಲಿ ಅವನಿಗೆ."

"ಮಾಮಿ, ಕೈ ಬಿಡಿ" ಎಂದಳು ವಾರಿಜಾ.

ಮಿಸ್ ಲಿಂಡ್‌ಗೆ ಯಾರೂ ಏನನ್ನೂ ಹೇಳಿರಲಿಲ್ಲ. ಆದರೂ ಆಕೆ ಮುಂದೆ ಬಂದಳು. ಗುರಿಕಾರರ ಕೈಯಿಂದ ದುರ್ಬೀನನ್ನು ತೆಗೆದುಕೊಂಡು, ಗಾಜಿನ ಮೇಲೆ ಕೂತ ಉಪ್ಪಿನ ಹನಿಗಳನ್ನು ತನ್ನ ಅಂಗಿಯ ತುದಿಯಿಂದ ಒರೆಸಿದಳು. ಪಟ್ಟಿಯನ್ನು ಸಿಕ್ಕಿಲ್ಲದಂತೆ ಬಿಡಿಸಿ, ಎರಡು ಕೈಯಲ್ಲೂ ಹಿಡಿದು ವಾರಿಜಾಳ ಮುಂದೆ ಚಾಚಿದಳು. ಬೆಳಿಗ್ಗೆ ತನಗೆ ಅರ್ಥವಾಗಿರಲಿಲ್ಲ, ಕ್ಷಮಿಸಬೇಕು, ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಲಿ ಎಂದಳು.

ಮೌರಿಸ್ ಈ ಸಲ ಒಂದು ಮಾತನ್ನೂ ಬಿಡದೆ ಹೇಳಿದ.

ವಾರಿಜಾ ಕೇಳಿಸಿಕೊಂಡಳು. ಹೊರಗಲ್ಲಿನ ಕಡೆಯಿಂದ ಹಕ್ಕಿಗಳ ಕೂಗು ಗಾಳಿಯಲ್ಲಿ ಬಂದು ಹೋಯಿತು. ಅವಳು ಬಳೆಯ ಕೈಗಳೆರಡನ್ನೂ ಸೆರಗಿನೊಳಗೆ ಎಳೆದುಕೊಂಡಳು.

"ಹಕ್ಕಿ ನೋಡಲಿಕ್ಕೆ ಬಂದದ್ದು ಅವರು. ಅವರೇ ನೋಡಲಿ" ಎಂದಳು. "ನನಗೆ ಬೇಡ."