ಒಂದೇ ಸಲ ಕೂಗಿದ ಹೆಸರು

ಜೇನು ಸಹಕಾರ ಸಂಘದ ಸದಸ್ಯರ ಪಟ್ಟಿಯಿಂದ ಕಾಡಿನ ಜನರ ಹಾಡಿಯ ಮೂವತ್ತೊಂದು ಹೆಸರುಗಳನ್ನು ಕಾರ್ಯದರ್ಶಿ ಮಹೇಶ್‌ಕುಮಾರ್ ಹೊಡೆದುಹಾಕಿದ. ಮೂರು ಮಹಾಸಭೆಗೆ ಗೈರುಹಾಜರು ಎಂದು ಕಾರಣ ಬರೆದ. ಮೂರು ಸಲವೂ ಹಾಡಿಯವರು ಕೊಡಗಿನ ತೋಟಗಳಲ್ಲಿ ಕೂಲಿಗಿದ್ದರು. ಖಾಲಿಯಾದ ಜಾಗದಲ್ಲಿ ತನ್ನ ನಂಟರಿಷ್ಟರ ಹೆಸರುಗಳನ್ನು ತುಂಬಿದ.

ಆ ಮೂವತ್ತೊಂದರಲ್ಲಿ ಒಬ್ಬಳಾದ ಮಲ್ಲಿ ಇದನ್ನು ತಿಳಿದದ್ದು ಇವತ್ತು ಬೆಳಿಗ್ಗೆ, ಅವನ ಬಾಯಿಂದಲೇ.

"ದಿಲ್ಲಿಯಿಂದ ರಾಷ್ಟ್ರೀಯ ಒಕ್ಕೂಟದೋರು ಬತ್ತಾವ್ರೆ ಕಣಮ್ಮಿ. ದೇಶದ ಸಹಕಾರ ಸಂಘಗಳಿಗೆಲ್ಲ ಅವ್ರೇ ದನಿ. ಜೊತೆಗೆ ನೇಪಾಳ, ಕೀನ್ಯಾದ ಒಕ್ಕೂಟದೋರೂ ಅವ್ರೆ. ನಮ್ದು ಮಾದರಿ ಸಂಘ ಅಂತ ಒಪ್ಪಿದ್ರೆ ಜೇನು ಸೋಸೋ ಮಿಷನ್ನು, ತರಬೇತಿ ಎಲ್ಲಾ ಸಿಕ್ತದೆ. ಅವ್ರಿಗೆ ಕಾಡಿನ ಜನ ಕಾಣ್ಬೇಕಂತೆ. ನಿಮ್ಮೆಸರೆಲ್ಲ ಹೊಡೆದಾಕಿವ್ನಿ, ಈಗ ಪಟ್ಟೀಲಿರೋ ಹೆಸರ ಕೂಗ್ತೀನಿ, ಓ ಅಂದ್ಬುಡಿ. ನೀನು ಶಿವನಂಜಮ್ಮ."

ಶಿವನಂಜಮ್ಮ ಅವನ ದೊಡ್ಡಮ್ಮ. ಸತ್ತು ಮೂರು ತಿಂಗಳು. ತಿಥಿಯ ದಿನ ಅವರ ಅಂಗಳ ಗುಡಿಸಿ, ಎಂಜಲೆಲೆ ಎತ್ತಿದವಳು ಮಲ್ಲಿಯೇ. ಪಟ್ಟಿ ಮಾತ್ರ ಆಕೆಯನ್ನು ಸಾಯಲು ಬಿಟ್ಟಿರಲಿಲ್ಲ.

"ಸತ್ತೋರ ಹೆಸರಿಗೆ ಓ ಅನ್ನದಾ ಬುದ್ಧಿ? ಒಂದೇ ಸಲ ಕೂಗಿದ್ರೆ ನಮ್ಮೆಸರಿಗೇ ಓ ಅನ್ಬಾರ್ದು, ಕೂಗಿದ್ದು ಮನುಷ್ಯರೋ ಏನೋ ಅಂತಿದ್ಲು ನಮ್ಮವ್ವ."

ಅವನು ನಕ್ಕ. ನಗು ಅಲ್ಲಿಗೇ ನಿಂತಿತು. "ನಿನ್ ಗಂಡ ಮಾದ ರೆಸಾರ್ಟಲ್ಲಿ ವಾಚ್‌ಮನ್ನು ಅಲ್ವಾ? ನಾನೇಳಿ ಸೇರಿಸಿದ್ದು. ನಂದೊಂದು ಫೋನ್ ಸಾಕು."

ಮಲ್ಲಿ ತಲೆ ತಗ್ಗಿಸಿದಳು. ಮಾದನ ಆ ಕೆಲಸವಿದ್ದುದರಿಂದಲೇ ಈ ವರ್ಷ ಕೊಡಗಿಗೆ ಕೂಲಿಗೆ ಹೋಗದೆ ಅವಳ ಒಲೆ ಹಾಡಿಯಲ್ಲೇ ಉರಿಯುತ್ತಿತ್ತು.

ಮಧ್ಯಾಹ್ನ ಸಂಘದ ಜಗಲಿಯಲ್ಲಿ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿದರು. ಪಕ್ಕದ ಮನೆಯ ಪ್ರೇಮಾ ಮಲ್ಲಿಯ ಕಿವಿಗೆ ಬಾಗಿದಳು. "ನಂಗೆ ರೂಪಶ್ರೀ ಅಂತ ಹೆಸರ ಕಟ್ಟವ್ನೆ ಕಣಕ್ಕ. ಹತ್ತು ನಿಮಿಷನಾದ್ರೂ ರೂಪ ಬಂತಲ್ಲ ಬುಡು." ಹಾಗೆಂದವಳ ಕೈ ಮಲ್ಲಿಯ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತು.

ಕಾರುಗಳು ಬಂದವು. ಹಾರ ಹಾಕಿದ್ದಾಯಿತು. ಕೀನ್ಯಾದ ಹೆಂಗಸು ಮಾತಾಡಿದಳು. ದಿಲ್ಲಿಯವರ ಜೊತೆ ಬಂದ ಹುಡುಗಿ ಅದನ್ನು ಕನ್ನಡಕ್ಕಿಳಿಸಿದಳು. "ನಮ್ಮ ದೇಶದ ಒಕ್ಕೂಟ ಯಾವ ಸಂಘಕ್ಕೆ ಹೋದರೂ ಮೊದಲು ಕೇಳುವುದು ಒಂದೇ. ಇದು ಯಾರ ಸಂಘ?"

"ಇವ್ರದ್ದೇ ಕಣಮ್ಮ," ಎಂದ ಮಹೇಶ್‌ಕುಮಾರ್. ಪುಸ್ತಕ ಬಿಚ್ಚಿದ.

"ರೂಪಶ್ರೀ."

"ಓ." ಪ್ರೇಮಾಳ ದನಿ ಬಾವಿಯೊಳಗಿಂದ ಬಂದಂತಿತ್ತು.

"ಶಿವನಂಜಮ್ಮ."

ಮಲ್ಲಿ ಆ ಪುಸ್ತಕವನ್ನೇ ನೋಡಿದಳು. ಓ ಎಂದರೆ ಆ ಸತ್ತವಳು ತನ್ನೊಳಗೆ ಬಂದು ಕೂರುತ್ತಾಳೆ. ಮಲ್ಲಿ ಎಂಬವಳು ಪಟ್ಟಿಯಲ್ಲಿ ಮಾತ್ರವಲ್ಲ, ಹಾಡಿಯಲ್ಲೂ ಇಲ್ಲವಾಗುತ್ತಾಳೆ. ಅನ್ನದಿದ್ದರೆ ಮಾದ ಸಂಜೆಯೇ ಬರಿಗೈಲಿ ಬರುತ್ತಾನೆ.

"ಶಿವನಂಜಮ್ಮ!" ಎರಡನೆಯ ಕೂಗು. ಮಹೇಶ್‌ಕುಮಾರನ ಹೆಬ್ಬೆರಳು ಫೋನಿನ ಮೇಲಿತ್ತು.

ಮಲ್ಲಿ ಎದ್ದು ನಿಂತಳು.

"ಆಯಮ್ಮ ಸತ್ತೋಗವ್ಳೆ. ತಿಥೀಲಿ ಎಲೆ ಎತ್ತಿದೋಳು ನಾನೇಯ. ನನ್ನೆಸರು ಮಲ್ಲಿ. ಅದ ಹೊಡೆದಾಕಿದ್ದೀರಲ್ಲ, ಅದ ಕೂಗಿ, ಓ ಅಂತೀನಿ."

ಕನ್ನಡಕ್ಕಿಳಿಸುತ್ತಿದ್ದ ಹುಡುಗಿ ಅದನ್ನು ಅತಿಥಿಗಳಿಗೆ ಹೇಳದೆ ಪುಸ್ತಕದತ್ತ ಬಾಗಿದಳು. ಮಲ್ಲಿ ಏನೆಂದಳೆಂದು ತಿಳಿಯದೆ ಅತಿಥಿಗಳು ಆ ಹುಡುಗಿಯ ಮುಖವನ್ನೇ ನೋಡಿದರು.

"ಬಿಸಿಲಿಗೆ ತಲೆ ಕೆಟ್ಟದೆ ಇವಳ್ಗೆ," ಎಂದು ಮಹೇಶ್‌ಕುಮಾರ್ ಹಲ್ಲು ಕಿರಿದ. ಆಮೇಲೆ ಹಲ್ಲಿನ ಸಂದಿಯಲ್ಲೇ, "ಓ ಅನ್ನಮ್ಮಿ," ಎಂದ.

"ಅನ್ನಾಕಿಲ್ಲ."