ಅತ್ತೆಯ ಜೊತೆ ಕ್ರ್ಯಾಪಿ ಪಂದ್ಯ

ಸ್ಕೂನಾ ಕೆರೆಯ ಸುತ್ತಮುತ್ತ ನನ್ನ ಜೊತೆ ದೋಣಿ ಹತ್ತುವವರು ಯಾರೂ ಉಳಿದಿರಲಿಲ್ಲ. ಕ್ರ್ಯಾಪಿ ಮೀನು ಹಿಡಿಯುವ ಪಂದ್ಯಕ್ಕೆ ಒಂದು ದೋಣಿಗೆ ಇಬ್ಬರು ಬೇಕೇ ಬೇಕು. ಒಬ್ಬನೇ ಹೋಗಿ ನಿಂತರೆ ಹೆಸರನ್ನೇ ಬರೆದುಕೊಳ್ಳುವುದಿಲ್ಲ. ಎರಡು ಚಳಿಗಾಲ ದುಡಿದು ಕೊಂಡ ಹಳೆಯ ದೋಣಿ, ಎಂಟು ಉದ್ದನೆಯ ಗಾಳದ ಕೋಲು, ನೀರೊಳಗಿನ ಮೀನು ತೋರಿಸುವ ಪರದೆ, ಎಲ್ಲ ಇತ್ತು. ಪಕ್ಕದಲ್ಲಿ ಕೂರಲು ಒಂದು ಜೀವ ಇರಲಿಲ್ಲ.

ಮೊದಲು ಬಂದವನು ನನ್ನ ಜೊತೆ ಗ್ಯಾಸ್ ಲಾರಿ ಓಡಿಸುವ ಡಾಯ್ಲ್. ಅಭ್ಯಾಸಕ್ಕೆಂದು ಒಂದೇ ಒಂದು ಶನಿವಾರ ಬಂದ. ದಡಕ್ಕಿಳಿದವನೇ, "ಆರ್ಲಿಸ್, ಇಡೀ ವಾರ ಲಾರೀಲಿ ಸುತ್ತೋದು ಸಾಲ್ದು ಅಂತ ಶನಿವಾರಾನೂ ಸುತ್ತಿಸ್ತೀಯಲ್ಲೋ. ಗಾಳ ನೀರು ಮುಟ್ಟೋಕಾದ್ರೂ ಬಿಡು ಮಾರಾಯ," ಅಂದು ಹೋದವನು ಮತ್ತೆ ಬರಲಿಲ್ಲ. ಆಮೇಲೆ ಹೆಂಡತಿಯ ದೊಡ್ಡಪ್ಪನ ಮಗ ಬಂದ, ಅವನಿಗೆ ತಲೆ ಸುತ್ತಿತಂತೆ. ಕೊನೆಗೆ ಹೆಂಡತಿ ಟ್ವೈಲಾಳೇ ಬಂದಳು. ಮಧ್ಯಾಹ್ನದ ಹೊತ್ತಿಗೆ ಕೋಲು ಕೆಳಗಿಟ್ಟು, "ಮದುವೆ ಉಳೀಬೇಕು ಅಂತಿದ್ರೆ ನನ್ನನ್ನ ಇದಕ್ಕೆ ಕರೀಬೇಡ," ಅಂದಳು.

ತಪ್ಪು ನನ್ನದೇ. ಒಂದು ಕಡೆ ಹತ್ತು ನಿಮಿಷ ನಿಂತರೆ ನನಗೆ ಮುಳ್ಳಿನ ಮೇಲೆ ಕೂತಂತೆ ಆಗುತ್ತದೆ. ಮುಂದಿನ ತಿರುವಿನಲ್ಲಿ ಮೀನು ಕಾಯುತ್ತಿದೆ ಅನ್ನಿಸುತ್ತದೆ. ಅಲ್ಲಿಗೆ ಹೋದರೆ ಬಿಟ್ಟುಬಂದ ಜಾಗದಲ್ಲೇ ಇತ್ತೇನೋ ಅನ್ನಿಸುತ್ತದೆ. ಚಿಕ್ಕಂದಿನಲ್ಲಿ ಚರ್ಚಿನ ಬೆಂಚಿನ ಮೇಲೆ ನನ್ನನ್ನು ಕೂರಿಸಲು ಅಮ್ಮ ನನ್ನ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹಾಡು ಹೇಳುತ್ತಿದ್ದಳು.

ಮಾರ್ಚಿನ ಮೊದಲ ಪಂದ್ಯಕ್ಕೆ ಆರು ದಿನ ಇದೆ ಅನ್ನುವಾಗ, ಭಾನುವಾರದ ಊಟಕ್ಕೆ ಕೂತಿದ್ದೆವು. ನಾನು ಊಟ ಬಿಟ್ಟು ಯಾರಾದರೂ ಜೊತೆಗೆ ಬರುತ್ತಾರಾ ಎಂದು ಮೂರನೆಯ ಸಲ ಫೋನ್ ಮಾಡಲು ಎದ್ದೆ. ಟ್ವೈಲಾಳ ತಾಯಿ ಲೂರ್ಲೀನ್ ಕೋಳಿಯ ತುಂಡಿನಿಂದ ತಲೆ ಎತ್ತದೆ, "ಕೂತ್ಕೊಂಡು ತಿನ್ನಪ್ಪ. ನಾನು ಬರ್ತೀನಿ," ಅಂದರು.

ಅತ್ತೆಗೆ ಎಪ್ಪತ್ತೆರಡು. ತೀರಿಕೊಂಡ ಮಾವ ಹರ್ಶೆಲ್ ಜೊತೆ ಈ ಕೆರೆಯಲ್ಲಿ ಐವತ್ತು ವರ್ಷ ಗಾಳ ಹಾಕಿದವರು, ಅದೂ ಒಂದೇ ಜಾಗದಲ್ಲಿ. ಮಾವ ಬೆಳಗ್ಗೆ ಹೋಗಿ ನೀರಲ್ಲಿ ನಿಂತ ಒಂದು ಸೈಪ್ರೆಸ್ ಮರಕ್ಕೆ ದೋಣಿ ಕಟ್ಟಿದರೆ ಸಂಜೆಗೇ ಬಿಚ್ಚುವುದು. ಅಂಥವರ ಜೊತೆ ಬಾಳಿದ ಹೆಂಗಸು ನನ್ನ ದೋಣಿಯಲ್ಲಿ ಎಷ್ಟು ಹೊತ್ತು ಕೂತಾರು?

ಟ್ವೈಲಾ ಪಾತ್ರೆ ತೊಳೆಯುತ್ತಾ ಹೇಳಿಯೇಬಿಟ್ಟಳು. "ಇದೇ ಕೊನೆ, ಆರ್ಲಿಸ್. ಅಮ್ಮನೂ ನಿನ್ನ ಕಾಟ ತಡೀಲಾರ್ದೆ ಓಡಿಹೋದ್ರೆ ದೋಣಿ ಮಾರಿಬಿಡು. ನೀನು ಊರಿಗೆಲ್ಲ ಫೋನ್ ಮಾಡ್ಕೊಂಡು ಬೇಡೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

"ಮಾರ್ತೀನಿ," ಅಂದೆ. ಆ ದೋಣಿ ಮಾರುವುದೆಂದರೆ ಕೈ ಕತ್ತರಿಸಿಕೊಂಡಂತೆ, ಆದರೂ ಹಾಗೆಂದೆ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಐವತ್ತು ದೋಣಿ ದಡದಲ್ಲಿ ಸಾಲುಗಟ್ಟಿದ್ದವು. ಅತ್ತೆ ಮಾವನ ಹಳೆಯ ಕೋಟು ತೊಟ್ಟು, ತಮ್ಮದೇ ಬಿದಿರಿನ ಕೋಲು, ತಮ್ಮದೇ ಐಸ್ ಪೆಟ್ಟಿಗೆ ಹಿಡಿದುಕೊಂಡು ಬಂದರು. ಪೆಟ್ಟಿಗೆಯಲ್ಲಿ ತಂಪು ಪಾನೀಯ, ಬೊಲೋನಿ ಮಾಂಸದ ಸ್ಯಾಂಡ್‌ವಿಚ್. ಪಕ್ಕದ ದೋಣಿಯಲ್ಲಿ ಗಾರ್ಲಂಡ್ ಪ್ರುಯಿಟ್ ಇದ್ದ. ವರ್ಷಕ್ಕೆ ನಾಲ್ಕು ಪಂದ್ಯವಾದರೂ ಗೆಲ್ಲುವವನು, ಅಂಗಿಯ ಮೇಲೆಲ್ಲ ಅವನಿಗೆ ದುಡ್ಡು ಕೊಡುವ ಕಂಪನಿಗಳ ಹೆಸರು.

"ಏನಪ್ಪಾ ಆರ್ಲಿಸ್, ಗಂಡಸರೆಲ್ಲ ಮುಗಿದ್ರಾ?" ಅಂದ.

"ಅವರ ಕೈಲಾಗಲಿಲ್ಲ, ಅದಕ್ಕೇ ನನ್ನನ್ನ ಕರ್ದಿದಾನೆ," ಅಂದರು ಅತ್ತೆ. ಸುತ್ತ ಇದ್ದವರು ನಕ್ಕರು.

ಕೆರೆಗೆ ಬರುವ ದಾರಿಯಲ್ಲಿ, ಗಾಡಿಯಲ್ಲೇ ನಾನು ನಿಯಮ ಹೇಳಿದ್ದೆ. ಏಳು ಮೀನು ತೂಗುತ್ತಾರೆ, ದೊಡ್ಡ ಏಳು. ಹನ್ನೆರಡು ಅಂಗುಲಕ್ಕೆ ಕಡಿಮೆ ಇದ್ದರೆ ನೀರಿಗೆ ವಾಪಸ್. ಎಲ್ಲವೂ ಜೀವಂತ ಇರಬೇಕು, ಹಿಡಿದ ಕೂಡಲೇ ದೋಣಿಯೊಳಗಿನ ನೀರಿನ ತೊಟ್ಟಿಗೆ ಬಿಡಬೇಕು. ಮೂರು ಗಂಟೆಗೆ ತೂಕ, ಆಮೇಲೆ ಬಂದರೆ ಇಲ್ಲ. ಅತ್ತೆ "ಹೂಂ, ಹೂಂ" ಅನ್ನುತ್ತಾ ಕಿಟಕಿಯಾಚೆ ನೋಡುತ್ತಿದ್ದರು.

ಸೀಟಿ ಊದಿದ್ದೇ ತಡ ನನ್ನ ಕಾಲಿಗೆ ಚಕ್ರ ಬಂತು. ಮೊದಲು ಹಳೆಯ ಸೇತುವೆಯ ಕಂಬಗಳು, ಅಲ್ಲಿಂದ ಉತ್ತರದ ಕೊಲ್ಲಿ, ಅಲ್ಲಿಂದ ಮುಳುಗಿದ ಮೋಟುಮರಗಳ ಬಯಲು. ನಾನು ಮುಂದೆ ನಿಂತು ಎಂಟು ಕೋಲು ಹರಡಿ ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಪರದೆಯಲ್ಲಿ ಚುಕ್ಕೆ ಕಂಡರೆ ಓಡು, ಚುಕ್ಕೆ ಕಾಣದಿದ್ದರೆ ಇನ್ನೂ ಬೇಗ ಓಡು. ಹಿಂದಿನ ಸೀಟಿನಲ್ಲಿ ಅತ್ತೆ ಗಾಳಕ್ಕೆ ಎರೆಯ ಸಣ್ಣ ಮೀನು ಸಿಕ್ಕಿಸಿ, ಬೆಂಡು ನೀರಿಗೆ ಬಿಟ್ಟು ಕೂರುವಷ್ಟರಲ್ಲಿ ನಾನು, "ಎತ್ತಿ ಅತ್ತೆ, ಹೋಗೋಣ," ಅನ್ನುತ್ತಿದ್ದೆ.

"ಈಗಷ್ಟೇ ಹಾಕಿದ್ನಲ್ಲಪ್ಪಾ."

"ಇಲ್ಲಿ ಏನೂ ಇಲ್ಲ, ಎತ್ತಿ."

ಹೀಗೆ ಹನ್ನೊಂದು ಜಾಗ. ಅತ್ತೆ ಪ್ರತಿ ಸಲವೂ ಗೊಣಗಿದರು, ಪ್ರತಿ ಸಲವೂ ಎತ್ತಿದರು. ಆ ಗೊಣಗಾಟ ಕೇಳಿದಷ್ಟೂ ಇವರೂ ಹೋದರು, ದೋಣಿಯೂ ಹೋಯಿತು ಅಂದುಕೊಂಡೆ. ಅದನ್ನು ಮರೆಯಲು ಇನ್ನೂ ಜೋರಾಗಿ ಓಡಿಸಿದೆ. ತೊಟ್ಟಿಯಲ್ಲಿ ಇದ್ದದ್ದು ಮೂರೇ ಮೀನು, ಮೂರೂ ಸಾಧಾರಣ.

ಹನ್ನೆರಡರ ಸುಮಾರಿಗೆ ಬಾಯಾರಿತು. ಪಾನೀಯಕ್ಕೆಂದು ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದೆ.

ಸ್ಯಾಂಡ್‌ವಿಚ್‌ಗಳ ಪಕ್ಕದಲ್ಲಿ, ಐಸಿನ ಮೇಲೆ, ಒಂದು ಕ್ರ್ಯಾಪಿ ಮಲಗಿತ್ತು. ಅಂಥದ್ದನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಬೆನ್ನು ಅಂಗೈಗಿಂತ ದಪ್ಪ. ಮೂರು ಪೌಂಡಿಗೆ ಒಂದು ಗುಂಜಿಯೂ ಕಡಿಮೆ ಇರಲಾರದು. ಮುಟ್ಟಿದೆ, ಸತ್ತು ಕಟ್ಟಿಗೆಯಾಗಿತ್ತು.

"ಇದು ಯಾವಾಗ ಸಿಕ್ತು?"

"ಆಗ್ಲೇ. ಆ ಮೋಟುಮರ ಬಿಟ್ಟು ದೊಡ್ಡ ನೀರಿಗೆ ಬರ್ತಿದ್ವಲ್ಲ, ನನ್ನ ಗಾಳ ಹಿಂದೆ ಎಳ್ಕೊಂಡು ಬರ್ತಿತ್ತು. ಬಂದು ಕಚ್ತು."

"ಹೇಳಬಾರದಾ?"

"ನೀನು ಆ ಟಿವಿ ನೋಡ್ತಿದ್ದೆ."

"ಐಸಿಗೆ ಯಾಕೆ ಹಾಕಿದ್ರಿ?"

ಅತ್ತೆ ಪೆಟ್ಟಿಗೆಯನ್ನೂ ನೀರಿನ ತೊಟ್ಟಿಯನ್ನೂ ಒಮ್ಮೆ ನೋಡಿದರು. ಅವರ ಮುಖ ಕೆಂಪಾಯಿತು. ಐವತ್ತು ವರ್ಷ ಮೀನು ಹಿಡಿದದ್ದು ಬಾಣಲೆಗೆ. ದೊಡ್ಡ ಮೀನು ಸಿಕ್ಕರೆ ಕೆಡಬಾರದೆಂದು ಮೊದಲು ಐಸಿಗೆ ಹಾಕಬೇಕು, ಅದು ಅವರ ಕೈಗೆ ಗೊತ್ತಿದ್ದ ಕೆಲಸ. ಅದೂ ನಾನು ಮುಂದೆ ನಿಂತು "ಬೇಗ, ಬೇಗ" ಅನ್ನುತ್ತಿರುವಾಗ ಕೈ ಇನ್ನೇನು ಮಾಡೀತು? ಇದೆಲ್ಲ ನನಗೆ ಆಮೇಲೆ ಹೊಳೆದದ್ದು. ಆಗ ತಲೆ ಕೆಟ್ಟುಹೋಯಿತು.

"ಗೊಬ್ಬರದ ಮೂಟೇನ ಸೀಟಲ್ಲಿ ಕೂರಿಸ್ಕೊಂಡು ಬಂದಿದ್ರೂ ವಾಸಿ ಇತ್ತು," ಅಂದೆ. "ಅದು ಮೀನು ಕೊಲ್ತಾ ಇರಲಿಲ್ಲ."

ಅತ್ತೆ ಗಾಳ ಮೇಲೆತ್ತಿದರು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ನೀರು ನೋಡುತ್ತಾ ಕೂತರು. ಎಪ್ಪತ್ತೆರಡು ವರ್ಷದ ಹೆಂಗಸು, ಬೆಳಗ್ಗೆ ನಾಲ್ಕಕ್ಕೆ ಎದ್ದು ನನಗೂ ಸೇರಿಸಿ ಸ್ಯಾಂಡ್‌ವಿಚ್ ಕಟ್ಟಿಕೊಂಡು ಬಂದವರು. ನನಗೆ ನಾಚಿಕೆಯಾಯಿತು. ಆದರೂ ಕ್ಷಮಿಸಿ ಅನ್ನುವ ಮಾತು ಬಾಯಿಗೆ ಬರಲಿಲ್ಲ, ನಮ್ಮ ಮನೆಯ ಗಂಡಸರಿಗೆ ಅದು ಬರುವುದೇ ಇಲ್ಲ. ಮಾತಿನ ಬದಲು ಕೆಲಸ ಮಾಡಿದೆ. ಮೋಟರು ನಿಲ್ಲಿಸಿ, ಹತ್ತಿರದ ಒಂದು ಸೈಪ್ರೆಸ್ ಮರಕ್ಕೆ ದೋಣಿ ಕಟ್ಟಿದೆ. ಪರದೆಯನ್ನೂ ಆರಿಸಿದೆ.

"ಮಾವನ ಹಾಗೇ ಕೂತ್ಕೊಳ್ಳೋಣ ಅತ್ತೆ," ಅಂದೆ.

"ಆಯ್ತಪ್ಪ," ಅಂದರು.

ಎರಡೂವರೆ ಗಂಟೆ ಕೂತೆ. ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೆ. ಮೊಣಕಾಲು ತಾನಾಗಿ ಕುಣಿಯುತ್ತಿತ್ತು, ದೋಣಿ ಅದರ ಜೊತೆ ನಡುಗುತ್ತಿತ್ತು, ಸುತ್ತ ನೀರಿನಲ್ಲಿ ಸಣ್ಣ ಅಲೆಗಳು ಏಳುತ್ತಿದ್ದವು. ದೂರದಲ್ಲಿ ದೋಣಿಗಳು ಓಡಾಡುವ ಸದ್ದು ಕೇಳಿದಾಗ ಮೈ ಪರಚಿಕೊಳ್ಳುವಂತಾಯಿತು. ಮರವನ್ನು ಎಷ್ಟು ನೋಡಿದೆನೆಂದರೆ ಅದರ ತೊಗಟೆಯಲ್ಲಿದ್ದ ಇರುವೆಗಳ ದಾರಿ ಈಗಲೂ ಹೇಳಬಲ್ಲೆ. ನಾಲ್ಕು ಮೀನು ಸಿಕ್ಕವು, ಏಳಾಯಿತು, ಎಲ್ಲ ಹದಿಮೂರು ಅಂಗುಲದೊಳಗೆ. ಅತ್ತೆ ಒಂದು ಮಾತೂ ಆಡಲಿಲ್ಲ. ಸಮಾಧಾನವಾಗಿದೆ, ಹಳೆಯ ದಿನ ನೆನಪಾಗುತ್ತಿದೆ ಅಂದುಕೊಂಡೆ. ಇವರು ಇನ್ನೊಂದು ಸಲ ಬರುವುದಾದರೆ ಜೀವನಪೂರ್ತಿ ಹೀಗೇ ಕೂರಲೂ ಸಿದ್ಧ ಎಂದು ಮನಸ್ಸಿನಲ್ಲೇ ಆಣೆ ಇಟ್ಟೆ.

ತೂಕದಲ್ಲಿ ನಾವು ಐವತ್ತು ದೋಣಿಗಳಲ್ಲಿ ನಲವತ್ತೊಂದನೆಯವರು. ಗಾರ್ಲಂಡ್ ಮೊದಲಿಗ. ದಿನದ ದೊಡ್ಡ ಮೀನು ಎರಡು ಪೌಂಡು ಹನ್ನೊಂದು ಔನ್ಸು, ಅದೂ ಅವನದೇ. ನಾವು ಸುಮ್ಮನೆ ಹೊರಡಬಹುದಿತ್ತು. ಅತ್ತೆ ಐಸ್ ಪೆಟ್ಟಿಗೆಯಿಂದ ಆ ಮೀನು ಎತ್ತಿಕೊಂಡು ನೇರ ತಕ್ಕಡಿಯವನ ಹತ್ತಿರ ಹೋದರು.

"ಲೆಕ್ಕಕ್ಕೆ ಬೇಡ. ಸುಮ್ನೆ ತೂಗು, ನೋಡೋಣ."

ಮೂರು ಪೌಂಡು ಎರಡು ಔನ್ಸು. ಜನ ಮುತ್ತಿಕೊಂಡರು. ಒಬ್ಬ ಫೋಟೋ ತೆಗೆದ, ಒಬ್ಬ ಶಿಳ್ಳೆ ಹಾಕಿದ. ಹಿಂದಿನಿಂದ ಯಾರೋ, "ಇದನ್ನ ಐಸಿಗೆ ಹಾಕಿದ ಬುದ್ಧಿವಂತ ಯಾರಪ್ಪಾ?" ಅಂದ. ನಗು ಎದ್ದಿತು.

"ನಾನೇ," ಅಂದೆ. "ಗಡಿಬಿಡೀಲಿ ಗೊತ್ತಾಗಲಿಲ್ಲ."

"ಸುಳ್ಳು," ಅಂದರು ಅತ್ತೆ. "ಹಿಡಿದೋಳೂ ನಾನೇ, ಐಸಿಗೆ ಹಾಕ್ದೋಳೂ ನಾನೇ. ಇವನಿಗೆ ಮೀನು ಸಿಕ್ಕಿದ್ದೂ ಗೊತ್ತಿಲ್ಲ, ಸತ್ತಿದ್ದೂ ಗೊತ್ತಿಲ್ಲ."

ಈ ಸಲ ನಗು ಇನ್ನೂ ಜೋರಾಯಿತು, ಆದರೆ ಅದು ನನ್ನ ಮೇಲೆ. ಗಾರ್ಲಂಡ್ ಮಾತ್ರ ನಗಲಿಲ್ಲ. ಮೀನನ್ನು ತಿರುಗಿಸಿ ಮುರುಗಿಸಿ ನೋಡಿದ, ಎಲ್ಲಿ ಸಿಕ್ಕಿತೆಂದು ಕೇಳಿದ. ಅತ್ತೆ ಹೇಳಲಿಲ್ಲ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾ, ನನ್ನ ತಮ್ಮನಿಗೆ ಬೆನ್ನು ನೋವು, ಮುಂದಿನ ತಿಂಗಳಿಂದ ಬರಲ್ಲ. ನೀವು ನನ್ನ ದೋಣಿಗೆ ಬನ್ನಿ. ಈ ಹುಡುಗನ ಹಾಗೆ ನಿಮ್ಮನ್ನ ಊರೆಲ್ಲ ಅಲೆದಾಡಿಸಲ್ಲ. ಒಳ್ಳೆ ಜಾಗ ಗೊತ್ತಿದೆ ನನಗೆ, ಬೆಳಗ್ಗೆ ಕೂತರೆ ಸಂಜೆವರೆಗೂ ಅಲ್ಲಾಡಲ್ಲ. ಮೆತ್ತನೆ ಕುರ್ಚಿ ಇದೆ."

ಮೊದಲ ಬಹುಮಾನದ ಮನುಷ್ಯ, ಮೆತ್ತನೆ ಕುರ್ಚಿ, ಅಲ್ಲಾಡದ ದೋಣಿ. ಬೇಡ ಅನ್ನಲು ಅತ್ತೆಗೆ ಕಾರಣವೇ ಇರಲಿಲ್ಲ. ನಾನು ನೆಲ ನೋಡುತ್ತಾ ದೋಣಿಗೆ ಎಷ್ಟು ಬೆಲೆ ಹೇಳಬೇಕೆಂದು ಆಗಲೇ ಯೋಚಿಸುತ್ತಿದ್ದೆ.

"ಎಷ್ಟು ಹೊತ್ತು ಅಲ್ಲಾಡಲ್ಲ ಅಂದೆ?" ಅತ್ತೆ ಕೇಳಿದರು.

"ಇಡೀ ದಿನ, ಅಮ್ಮಾ."

"ಹಾಗಾದ್ರೆ ಬೇಡಪ್ಪ. ನನ್ನ ಗಂಡ ಹರ್ಶೆಲ್ ದೇವರಂಥ ಮನುಷ್ಯ. ಆದ್ರೆ ಐವತ್ತು ವರ್ಷ ಒಂದೇ ಮರ ತೋರ್ಸಿದ. ಉತ್ತರದ ಕೊಲ್ಲೀಲಿ ಬಿಳೀ ಹೂವಿನ ಮರ ಅಷ್ಟೊಂದಿವೆ ಅಂತ ನನಗೆ ಇವತ್ತು ಗೊತ್ತಾಯ್ತು. ಆ ಕೆಂಪು ಮಣ್ಣಿನ ದಂಡೆ, ಅದನ್ನೂ ಇವತ್ತೇ ನೋಡಿದ್ದು." ಆಮೇಲೆ ನನ್ನ ಕಡೆ ತಿರುಗಿದರು. "ಬೆಳಗ್ಗೆಯೆಲ್ಲ ಚೆನ್ನಾಗಿ ಓಡಿಸ್ತಿದ್ದೆಯಲ್ಲ, ಮಧ್ಯಾಹ್ನ ಏನಾಯ್ತು ನಿನಗೆ? ಆ ಮರದ ಹತ್ರ ಎರಡೂವರೆ ಗಂಟೆ ನನ್ನ ಪ್ರಾಣ ಹೋಯ್ತು. ನನ್ನನ್ನ ಬೈದಿದ್ದಕ್ಕೆ ನೀನು ಬೇಜಾರಲ್ಲಿದ್ದೀಯೇನೋ ಅಂತ ನಿನಗೋಸ್ಕರ ಸುಮ್ನೆ ಕೂತೆ."

"ನಾನು ನಿಮಗೋಸ್ಕರ ಕೂತೆ," ಅಂದೆ.

"ಇನ್ಮೇಲೆ ಕೂರಬೇಡ," ಅಂದರು ಅತ್ತೆ.